ಹೊನ್ನಮ್ಮನ ಡಬ್ಬಿ

ಪುಚೊಂಗ್
೨೦ ಸೆಪ್ಟೆಂಬರ್ ೨೦೧೬

ಪ್ಲಾಟ್ ಹದಿನಾಲ್ಕರ ಬಸ್ಸಿನ ಮನೆಯ ಶ್ರೀಮತಿ ಹೊನ್ನಮ್ಮನವರಿಗೆ,

ನಮಸ್ಕಾರ. ನಾನು ಕಾಂತಮ್ಮ, ಮೈಸೂರಿನವಳು. ಕಳೆದ ವಾರ ರಜೆಯಲ್ಲಿ ನಿಮ್ಮ ಪಕ್ಕದ ಪ್ಲಾಟಿನ ಬಾಡಿಗೆ ಕ್ಯಾರವಾನಿನಲ್ಲಿ ಮೂರು ದಿನ ಮಂಡಿ ಹಿಡಿದುಕೊಂಡು ಮಲಗಿದ್ದ ಮುದುಕಿ ನಾನೇ. ನೀವು ನನ್ನನ್ನು ನೋಡಿಲ್ಲ, ನಾನೂ ನಿಮ್ಮನ್ನು ನೋಡಿಲ್ಲ. ಕಿಟಕಿಯಿಂದ ದನಿ ಮಾತ್ರ ಕೇಳಿದೆ. “ಏ ಮುಸುಡಿ, ಸೋಪು ತಿಂದ್ರೆ ಹೊಟ್ಟೆ ನೋಯ್ತದೆ, ಇಟ್ಟು ಹೋಗು” ಎಂದು ಕೋತಿಗೆ ಬೈಯುತ್ತಿದ್ದಿರಿ. ಮಲೇಷ್ಯಾದ ಕೋತಿಗೆ ಕನ್ನಡದಲ್ಲಿ ಬೈಗುಳ! ಮಂಡಿ ನೋವಿನಲ್ಲೂ ನನಗೆ ನಗು ತಡೆಯಲಾಗಲಿಲ್ಲ.

ನನ್ನ ಮೊಮ್ಮಗಳು ಇಂಚರ ನಿಮ್ಮಲ್ಲಿಂದ ಡಬ್ಬಿ ತುಂಬ ಶಾವಿಗೆ ಪಾಯಸ ತಂದಳು. “ಬಸ್ ಆಂಟಿ ಗೇವ್” ಅಂದಳು, ಅಷ್ಟೇ. ಅವಳಿಗೆ ಕನ್ನಡ ಪೂರಾ ಅರ್ಥವಾಗುತ್ತದೆ, ಬಾಯಿಂದ ಉದುರುವುದು ಮಾತ್ರ ಇಂಗ್ಲಿಷೇ. ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ, ಯಾರ ಮನೆಯದೆಂದು ತಿಳಿಯದೆ ನಾನು ತಿನ್ನುವವಳಲ್ಲ. ಡಬ್ಬಿ ತಿರುಗಿಸಿ ನೋಡಿದೆ. ಕಂಠದ ಕೆಳಗೆ ಚುಕ್ಕಿ ಚುಕ್ಕಿಯಾಗಿ ‘ಹೊನ್ನಮ್ಮ’ ಎಂದು ಕೆತ್ತಿತ್ತು. ಸದ್ಯ, ನಮ್ಮೋರೇ ಅಂದುಕೊಂಡು ನಿಶ್ಚಿಂತೆಯಿಂದ ತಿಂದೆ. ಪಾಯಸಕ್ಕೆ ಖರ್ಜೂರ ಹಾಕುವುದನ್ನು ನೋಡಿದ್ದು ಇದೇ ಮೊದಲು. ಯಾವ ಕಡೆಯವರು ನೀವು? ಏನೇ ಆಗಲಿ, ತಳ ಕೆರೆದು ತಿಂದಿದ್ದೇವೆ.

ಈಗ ತಪ್ಪೊಪ್ಪಿಗೆ. ಭಾನುವಾರ ಟ್ರಾಫಿಕ್ ಶುರುವಾಗುವ ಮೊದಲೇ ಹೊರಡಬೇಕೆಂದು ಮಗ ಗುರುದತ್ ಬೆಳಗ್ಗೆ ಆರಕ್ಕೇ ಎಲ್ಲವನ್ನೂ ಕಾರಿಗೆ ತುರುಕಿದ. ಮನೆಗೆ ಬಂದು ಚೀಲ ಬಿಚ್ಚಿದರೆ ನಿಮ್ಮ ಡಬ್ಬಿ! ಅದು ಒಂಟಿ ಡಬ್ಬಿಯಲ್ಲ, ಟಿಫಿನ್ ಕ್ಯಾರಿಯರಿನದು ಎಂದು ಪಕ್ಕದ ಕಿವಿ ನೋಡಿದರೇ ತಿಳಿಯುತ್ತದೆ. ಜೀವ ಹೊಡೆದುಕೊಂಡಿತು. ಫೋನ್ ನಂಬರ್ ಇಲ್ಲ, ರಸೀದಿಯಲ್ಲಿ ಕ್ಯಾಂಪಿನ ವಿಳಾಸವಿತ್ತು, ಅದಕ್ಕೆ ಈ ಪತ್ರ. ಡಬ್ಬಿಯನ್ನು ನಾಳೆಯೇ ಪೋಸ್ಟ್ ಮಾಡಬಹುದಿತ್ತು. ಆದರೆ ಬಂದ ಪಾತ್ರೆಯನ್ನು ಖಾಲಿ ಕಳಿಸಿ ನನಗೆ ಅಭ್ಯಾಸವಿಲ್ಲ. ಕೋಡುಬಳೆ ಮಾಡಿ ತುಂಬಿ ಕಳಿಸುತ್ತೇನೆ, ಮಂಡಿ ಸ್ವಲ್ಪ ದಾರಿಗೆ ಬರಲಿ.

ನಿಮ್ಮ,
ಕಾಂತಮ್ಮ


ಪಾಂತಾಯ್ ಕೆಲಪಾ ಕ್ಯಾರವಾನ್ ಪಾರ್ಕ್, ಚೆರಾಟಿಂಗ್
೨೬ ಸೆಪ್ಟೆಂಬರ್ ೨೦೧೬
(ಕಳಿಸಲಿಲ್ಲ)

ಕಾಂತಮ್ಮನವರಿಗೆ,

ನಿಮ್ಮ ಪತ್ರ ಓದಿ ಬಹಳ ಸಂತೋಷವಾಯಿತು. ಆದರೆ ನಾನು ಹೊನ್ನಮ್ಮ ಅಲ್ಲ. ನನ್ನ ಹೆಸರು ಝುಬೇದಾ. ನೀವು ‘ನಮ್ಮೋರೇ’ ಅಂದುಕೊಂಡು ತಿಂದಿರಿ. ನಾವು ಚಿತ್ರದುರ್ಗದ ಮುಸಲ್ಮಾನರು. ಆ ಡಬ್ಬಿಯ ವಿಷಯ


ಪಾಂತಾಯ್ ಕೆಲಪಾ ಕ್ಯಾರವಾನ್ ಪಾರ್ಕ್, ಚೆರಾಟಿಂಗ್
೨೭ ಸೆಪ್ಟೆಂಬರ್ ೨೦೧೬

ಕಾಂತಮ್ಮನವರಿಗೆ ನಮಸ್ಕಾರ.

ನಿಮ್ಮ ಪತ್ರವನ್ನು ಆಫೀಸಿನ ಕಾಕ್ ಮೆಲಾತಿ (ಇಲ್ಲಿ ಕಾಕ್ ಅಂದರೆ ಅಕ್ಕ) ತಾನೇ ಸೈಕಲ್ ಮೇಲೆ ತಂದುಕೊಟ್ಟಳು. ಲಕೋಟೆಯ ಮೇಲಿನ ಕನ್ನಡ ನೋಡಿ, “ಇದೇನು, ಜಿಲೇಬಿ ಬರೆದಿದ್ದಾರಲ್ಲ” ಅಂದಳು. ಪ್ಲಾಟ್ ನಂಬರನ್ನು ಇಂಗ್ಲಿಷಿನಲ್ಲಿ ಬರೆದಿದ್ದಿರಿ, ಬದುಕಿದೆ. ನನಗೆ ಕನ್ನಡದ ಪತ್ರ ಬಂದು ಎಷ್ಟೋ ವರ್ಷವಾಗಿತ್ತು.

ನಾವು ಚಿತ್ರದುರ್ಗದ ಕಡೆಯವರು. ನಮ್ಮ ಯಜಮಾನರು ಮೆಲಾಕಾದ ಮೆಡಿಕಲ್ ಕಾಲೇಜಿನಲ್ಲಿ ಅನಾಟಮಿ ಕಲಿಸುತ್ತಿದ್ದರು. ನಿವೃತ್ತಿಯಾದ ಮೇಲೆ ಮೂರು ಕೋಣೆಯ ಬಾಡಿಗೆ ಮನೆ ಬಿಟ್ಟು, ಹಳೆಯ ಮಿನಿ ಬಸ್ಸಿನೊಳಗೆ ಮಂಚ, ಒಲೆ, ಕಕ್ಕಸು ಎಲ್ಲ ಮಾಡಿಸಿದರು. ಒಂದೂವರೆ ವರ್ಷವಾಯಿತು. ಇದೇ ಮನೆ, ಇನ್ನೊಂದು ಮನೆ ಎಲ್ಲೂ ಇಲ್ಲ. ಇಂಥ ಕ್ಯಾಂಪುಗಳಲ್ಲಿ ತಿಂಗಳ ಬಾಡಿಗೆಗೆ ಒಂದು ಪ್ಲಾಟು, ಒಂದು ಕರೆಂಟ್ ಕಂಬ, ಒಂದು ನಲ್ಲಿ ಕೊಡುತ್ತಾರೆ. ಅಲ್ಲಿಗೆ ವೈರು, ಪೈಪು ಸಿಕ್ಕಿಸಿದರೆ ಸಂಸಾರ ಶುರು. ಹೊಸ ಜಾಗಕ್ಕೆ ಹೋದ ಕೂಡಲೇ ಚಕ್ರದ ಕೆಳಗೆ ಹಲಗೆ ಕೊಟ್ಟು ಬಸ್ಸನ್ನು ಮಟ್ಟ ಮಾಡಬೇಕು. ಯಜಮಾನರು ಮೇಜಿನ ಮೇಲೆ ಲೋಟದಲ್ಲಿ ನೀರಿಟ್ಟು ನೋಡುತ್ತಾರೆ. ನಾನು ದೋಸೆ ಹುಯ್ದು ನೋಡುತ್ತೇನೆ. ಒಂದು ಪಕ್ಕ ದಪ್ಪವಾದರೆ ಇನ್ನೊಂದು ಹಲಗೆ ಬೇಕು ಎಂದರ್ಥ. ನಲವತ್ತು ವರ್ಷ ಮಕ್ಕಳಿಗೆ ದೇಹದ ಒಳಗನ್ನು ಕಲಿಸಿದವರು ಈಗ ದಿನಾ ಬೆಳಗ್ಗೆ ಕಕ್ಕಸಿನ ಟ್ಯಾಂಕು ಎತ್ತಿಕೊಂಡು ಸಿಳ್ಳೆ ಹಾಕುತ್ತಾ ಹೋಗುತ್ತಾರೆ. ಅವರನ್ನು ಇಷ್ಟು ಖುಷಿಯಾಗಿ ನಾನು ಕಂಡದ್ದೇ ಇಲ್ಲ. ನಾನೂ ಖುಷಿಯಾಗಿದ್ದೇನೆ. ಶುಕ್ರವಾರ ಸಂಜೆ ಕ್ಯಾಂಪು ಜಾತ್ರೆಯಾಗಿ, ಕರೋಕೆ ಕಿರುಚಾಟ ಮುಗಿದು, ಸೋಮವಾರ ಬೆಳಗ್ಗೆ ಸಮುದ್ರದ ಸದ್ದೊಂದೇ ಉಳಿಯುತ್ತದೆ. ಆ ಸೋಮವಾರಕ್ಕಾಗಿ ನಾನು ಕಾಯುತ್ತೇನೆ.

ಬೇಸರ ಎರಡೇ. ಮೊದಲನೆಯದು, ಪ್ರತಿ ಕ್ಯಾಂಪಿನ ಆಫೀಸಿನಲ್ಲಿ ಒಂದು ಫಾರಂ ಕೊಡುತ್ತಾರೆ. ಅದರಲ್ಲಿ ‘ಖಾಯಂ ವಿಳಾಸ’ ಎಂಬ ಜಾಗ ಬಂದಾಗ ನನ್ನ ಪೆನ್ನು ನಿಂತುಬಿಡುತ್ತದೆ. ಎರಡನೆಯದು, ನೆರೆಯವರು ಉಳಿಯುವುದಿಲ್ಲ. ಪಕ್ಕದವರ ಪರಿಚಯವಾಗುವಷ್ಟರಲ್ಲಿ ಅವರ ಜಾಗದಲ್ಲಿ ಹುಲ್ಲಿನ ಮೇಲೆ ಚಕ್ರದ ಗುರುತು ಇರುತ್ತದೆ.

ಡಬ್ಬಿಗೆ ಅವಸರವಿಲ್ಲ. ಆದರೆ ನವೆಂಬರಿನಿಂದ ಈ ಕಡಲ ಕಡೆ ಮಳೆಗಾಲ, ಕ್ಯಾಂಪು ಮುಚ್ಚುತ್ತದೆ. ಅಕ್ಟೋಬರ್ ೩೧ಕ್ಕೆ ನಾವು ಹೊರಡಲೇಬೇಕು. ಮುಂದೆ ಯಾವ ಊರೋ ಇನ್ನೂ ಗೊತ್ತಿಲ್ಲ. ಆಮೇಲೆ ನಿಮ್ಮ ಪತ್ರ ನನ್ನನ್ನು ಹುಡುಕಲಾರದು. ನಾಲ್ಕು ಡಬ್ಬಿಯ ಕ್ಯಾರಿಯರಿನಲ್ಲಿ ಒಂದಿಲ್ಲದೆ ಚಿಲಕ ಬೀಳುವುದಿಲ್ಲ. ಮೊನ್ನೆ ಕುವಾಂತಾನಿಗೆ ಹೋಗಿ ಬರುವಷ್ಟರಲ್ಲಿ ಗಡಗಡ ಸದ್ದು ಕೇಳಿ ಕೇಳಿ ಯಜಮಾನರ ತಲೆ ಕೆಟ್ಟಿದೆ.

ಫೋನಿನ ಸಿಗ್ನಲ್ ಇಲ್ಲಿ ಒಂದೇ ಒಂದು ತೆಂಗಿನ ಮರದ ಕೆಳಗೆ ಸಿಗುತ್ತದೆ. ತಲೆಯ ಮೇಲೆ ಕಾಯಿ ನೋಡುತ್ತಾ ಮಾತಾಡಬೇಕು. ಪತ್ರವೇ ವಾಸಿ. ಇಂಚರಳಿಗೆ ಪ್ರೀತಿ ತಿಳಿಸಿ.

ನಿಮ್ಮ,
ಪ್ಲಾಟ್ ಹದಿನಾಲ್ಕು


ಪುಚೊಂಗ್
೪ ಅಕ್ಟೋಬರ್ ೨೦೧೬

ಪ್ಲಾಟ್ ಹದಿನಾಲ್ಕರವರಿಗೆ ನಮಸ್ಕಾರ.

ನಿಮ್ಮ ಪತ್ರವನ್ನು ಎರಡು ಸಲ ಓದಿದೆ, ಮೂರನೆಯ ಸಲ ಗುರುದತ್‌ನಿಗೆ ಓದಿ ಹೇಳಿದೆ. ಕಕ್ಕಸಿನ ಟ್ಯಾಂಕಿನ ಜಾಗಕ್ಕೆ ಬಂದಾಗ ಅವನು ಊಟದ ತಟ್ಟೆ ದೂರ ತಳ್ಳಿದ. ಸೈಬರ್‌ಜಯಾದ ಆಫೀಸಿನಲ್ಲಿ ದಿನವೆಲ್ಲ ಕೂತಲ್ಲೇ ಕೂರುವವನಿಗೆ ಇದೆಲ್ಲ ಏನು ತಿಳಿಯಬೇಕು. ಚಕ್ರ ಇರುವ ಮನೆಯಲ್ಲಿ ಹೊಸ್ತಿಲ ಪೂಜೆ ಯಾವ ದಿಕ್ಕಿಗೆ ಮಾಡುವುದು ಎಂದು ನಾನು ಯೋಚಿಸುತ್ತಿದ್ದೆ. ವಾಸ್ತುವಿನವನು ನಿಮ್ಮ ಬಸ್ಸು ಕಂಡರೆ ಕೆಲಸ ಬಿಟ್ಟು ಓಡಿಹೋಗಬೇಕು!

ಕೋಡುಬಳೆಯ ವರದಿ: ಮೊದಲ ಸಲ ಖಾರ ಹೆಚ್ಚಾಯಿತು. ಎರಡನೆಯ ಸಲ ಸರಿಯಾಗಿತ್ತು, ಇಂಚರ ಸ್ಕೂಲಿನ ಸ್ನೇಹಿತೆಯರನ್ನು ಕರೆತಂದಳು, ಚೂರೂ ಉಳಿಯಲಿಲ್ಲ. ಈಗ ನವರಾತ್ರಿ. ಪಟ್ಟದ ಗೊಂಬೆ ಎರಡು ತಂದಿದ್ದೆ, ಉಳಿದ ಮೆಟ್ಟಿಲಿಗೆಲ್ಲ ಇಂಚರಳ ಪ್ಲಾಸ್ಟಿಕ್ ಡೈನೋಸಾರುಗಳು. ರಾಜ ರಾಣಿಯ ಎದುರು ಅವು ಬಾಯಿ ತೆರೆದು ನಿಂತಿವೆ. ನೋಡಲು ಬಂದ ತಮಿಳು ನೆರೆಯವರು ಅವನ್ನೇ ನೋಡುತ್ತಾ ಕಡಲೆ ಸುಂಡಲ್ ತಿಂದು ಹೋದರು.

ಹಬ್ಬ ಮುಗಿಯಲಿ, ಡಬ್ಬಿ ತುಂಬುತ್ತೇನೆ. ಒಂದು ವಿಷಯ ಕೇಳಬೇಕು. ಹೆಂಗಸರಿಗೆ ಏನಾದರೂ ಕಳಿಸುವಾಗ ಜೊತೆಗೆ ಅರಿಶಿನ ಕುಂಕುಮ ಇಡುವುದು ನಮ್ಮ ಪದ್ಧತಿ. ನಿಮ್ಮ ಮನೆಯ ಪದ್ಧತಿ ಹೇಗೋ ನನಗೆ ತಿಳಿಯದು. ಇಡಲೋ ಬೇಡವೋ, ನೀವೇ ಬಾಯಿಬಿಟ್ಟು ಬರೆಯಿರಿ. ನನ್ನ ಹತ್ತಿರ ಸಂಕೋಚ ಬೇಡ.

ನಿಮ್ಮ,
ಕಾಂತಮ್ಮ


ಚೆರಾಟಿಂಗ್
೧೦ ಅಕ್ಟೋಬರ್ ೨೦೧೬

ಕಾಂತಮ್ಮನವರಿಗೆ,

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು ನನ್ನ ಗತಿ. ನಿಮ್ಮ ಪ್ರಶ್ನೆ ಓದಿದ ಮೇಲೆ ಎರಡು ದಿನ ಅನ್ನ ಸೇರಲಿಲ್ಲ. ನಿಮಗೆ ಸಂಶಯ ಬಂದಿದೆ, ಪರೀಕ್ಷೆ ಮಾಡುತ್ತಿದ್ದೀರಿ ಎಂದು ನನಗೆ ತಿಳಿಯಿತು. ತಪ್ಪು ನಿಮ್ಮದಲ್ಲ, ಮೊದಲೇ ಹೇಳದೆ ಇದ್ದವಳು ನಾನು. ಸೆಪ್ಟೆಂಬರ್ ೨೬ಕ್ಕೆ ಬರೆಯಲು ಕೂತು ಅರ್ಧಕ್ಕೇ ನಿಲ್ಲಿಸಿದ ಹಾಳೆಯನ್ನೂ ಇದರ ಜೊತೆ ಇಟ್ಟಿದ್ದೇನೆ. ನನ್ನ ಹೆಸರು ಝುಬೇದಾ. ಯಜಮಾನರ ಹೆಸರು ರಶೀದ್. ಕುಂಕುಮ ನಮ್ಮಲ್ಲಿಲ್ಲ.

ಹೊನ್ನಮ್ಮ ಯಾರೆಂದು ಹೇಳುತ್ತೇನೆ. ಚಿತ್ರದುರ್ಗದಲ್ಲಿ ನಮ್ಮ ಮನೆಯ ಗೋಡೆಗೆ ಗೋಡೆ ಹಿಟ್ಟಿನ ಗಿರಣಿ. ಅದನ್ನು ನಡೆಸುತ್ತಿದ್ದವರು ಹೊನ್ನಮ್ಮ. ಗಂಡ ಇರಲಿಲ್ಲ, ಮಕ್ಕಳಿಲ್ಲ, ತಲೆಯಿಂದ ಕಾಲಿನವರೆಗೂ ಹಿಟ್ಟು. ಹಬ್ಬದಲ್ಲಿ ನಮ್ಮ ಅಮ್ಮ ಅವರಿಗೆ ಶಾವಿಗೆ ಕೊಡಬೇಕು, ಅವರು ತಿನ್ನಬೇಕು ಅಂತ ಅಮ್ಮನಿಗೆ ಆಸೆ. ಮಾಂಸ ಬೇಯುವ ಮನೆಯ ಪಾತ್ರೆ ಅಂತ ಹೊನ್ನಮ್ಮನಿಗೆ ಹಿಂಜರಿಕೆ. ಬಾಯಿಬಿಟ್ಟು ಅವರೂ ಹೇಳಲಿಲ್ಲ, ಅಮ್ಮನೂ ಕೇಳಲಿಲ್ಲ. ಅಮ್ಮ ಹೊಸ ಕ್ಯಾರಿಯರ್ ತಂದ ದಿನ ಒಂದು ಡಬ್ಬಿ ತೆಗೆದು ಅವರ ಕೈಗಿಟ್ಟು, “ಹೊನ್ನಕ್ಕಾ, ಇದು ನಿಂದು. ಇದ್ರಾಗೆ ನಮ್ಮದು ಏನೂ ಬೀಳಂಗಿಲ್ಲ” ಅಂದರು. ಹೊನ್ನಮ್ಮ ನೇರ ಪಾತ್ರೆ ಅಂಗಡಿಗೆ ಹೋಗಿ ಅದರ ಮೇಲೆ ತಮ್ಮ ಹೆಸರು ಕೆತ್ತಿಸಿಕೊಂಡು ಬಂದು, ನಮ್ಮ ಕ್ಯಾರಿಯರಿಗೇ ವಾಪಸು ಸೇರಿಸಿದರು. ಒಳಗೆ ಅವರೇ ಬೀಸಿದ ಹುರಿಹಿಟ್ಟು ಇತ್ತು. ಅಂದಿನಿಂದ ಆ ಡಬ್ಬಿ ಗೋಡೆಯಾಚೆಗೂ ಈಚೆಗೂ ಓಡಾಡಿತು. ಒಂದು ದಿನವೂ ಖಾಲಿ ಹೋಗಲಿಲ್ಲ, ಖಾಲಿ ಬರಲಿಲ್ಲ.

ಮದುವೆಯಲ್ಲಿ ಅಮ್ಮ ನನಗೆ ಆ ಕ್ಯಾರಿಯರ್ ಕೊಟ್ಟರು. ಬಸ್ಸಿಗೆ ಬರುವಾಗ ನೂರು ಸಾಮಾನು ಬಿಟ್ಟೆ, ಇದನ್ನು ಬಿಡಲಿಲ್ಲ. ಆ ಒಂದು ಡಬ್ಬಿಗೆ ನಾನು ಇವತ್ತಿಗೂ ಮಾಂಸ ಮುಟ್ಟಿಸಿಲ್ಲ. ಈ ದೇಶಕ್ಕೆ ಬಂದ ಮೇಲೆ ಅದರಲ್ಲಿ ಕೊಡುವುದಕ್ಕೆ ಯಾರೂ ಸಿಕ್ಕಿರಲಿಲ್ಲ. ನಿಮ್ಮ ಇಂಚರ ಬಂದು, “ಮೈ ಅಜ್ಜಿ ಈಸ್ ವೆಜ್” ಅಂದಾಗ ನನಗೆ ಎಷ್ಟು ಸಂತೋಷವಾಯಿತೆಂದು ಹೇಗೆ ಹೇಳಲಿ. ಎಷ್ಟೋ ವರ್ಷದ ಮೇಲೆ ಅದನ್ನು ತುಂಬಿದೆ.

ಅಂದರೆ ನೀವು ತಿಂದದ್ದು ಹೊನ್ನಮ್ಮನ ಡಬ್ಬಿಯಲ್ಲೇ. ಕೈ ಮಾತ್ರ ನನ್ನದು. ಇದರಿಂದ ನಿಮ್ಮ ಮನಸ್ಸಿಗೆ ಕಸಿವಿಸಿಯಾದರೆ ಡಬ್ಬಿಯನ್ನು ಖಾಲಿಯೇ ಕಳಿಸಿ. ನಾನು ಬೇಸರ ಮಾಡಿಕೊಳ್ಳುವುದಿಲ್ಲ.

ಝುಬೇದಾ


ಚೆರಾಟಿಂಗ್
೨೨ ಅಕ್ಟೋಬರ್ ೨೦೧೬

ಕಾಂತಮ್ಮನವರಿಗೆ ನಮಸ್ಕಾರ.

ನನ್ನ ಪತ್ರ ನಿಮಗೆ ತಲುಪಿತೋ ಇಲ್ಲವೋ. ಮೊನ್ನೆಯಿಂದ ನಾನೇ ಆಫೀಸಿಗೆ ಹೋಗಿ ಕೇಳುತ್ತಿದ್ದೇನೆ. ಕಾಕ್ ಮೆಲಾತಿ ನನ್ನನ್ನು ಕಂಡ ಕೂಡಲೇ ಕೈಯಾಡಿಸುತ್ತಾಳೆ. ನಿನ್ನೆ ಪಾಪ, ಇಲ್ಲಿಯವರು ಮಾತಿನ ಕೊನೆಗೆ ಎಳೆಯುವ ಹಾಗೆ “ಜಿಲೇಬಿ ಇಲ್ಲ ಲಾ” ಅಂದು ಕುಡಿಯಲು ಟೀ ಕೊಟ್ಟಳು.

ಗಾಳಿ ತಿರುಗಿದೆ. ಕಡಲು ಕಂದು ಬಣ್ಣವಾಗಿದೆ, ವಾರಾಂತ್ಯದ ಜನ ಬರುತ್ತಿಲ್ಲ. ಹದಿನೇಳನೇ ಪ್ಲಾಟಿನ ಇಪೋದ ಮುದುಕ ಗಾಳ ಸುತ್ತಿಟ್ಟು ಹೊರಟುಹೋದ. ನಮ್ಮವರು ಟೈರು ನೋಡಿ, ನೀರಿನ ಟ್ಯಾಂಕು ತೊಳೆದಿದ್ದಾರೆ. ಪಶ್ಚಿಮದ ಕರಾವಳಿಗೆ ಹೋಗೋಣ ಅನ್ನುತ್ತಿದ್ದಾರೆ, ಜಾಗ ಇನ್ನೂ ಗೊತ್ತಾಗಿಲ್ಲ. ಕ್ಯಾರಿಯರ್ ಗಡಗಡಿಸದ ಹಾಗೆ ಡಬ್ಬಿಯ ಜಾಗದಲ್ಲಿ ಟವೆಲ್ ಮಡಿಸಿ ತುರುಕಿದ್ದೇನೆ. ಸದ್ದೇನೋ ನಿಂತಿದೆ.

ನೀವು ಏನನ್ನೂ ಬರೆಯಬೇಕಾಗಿಲ್ಲ. ಡಬ್ಬಿಯನ್ನು ಪೋಸ್ಟ್ ಮಾಡುವುದು ಕಷ್ಟವಾದರೆ ನಿಮ್ಮಲ್ಲೇ ಇಟ್ಟುಕೊಳ್ಳಿ. ಹೊನ್ನಮ್ಮನಿಗೆ ನಿಮ್ಮ ಅಡಿಗೆಮನೆ ನಮ್ಮದಕ್ಕಿಂತ ಹೊಂದುತ್ತದೆ. ಒಂದು ತಿಂಗಳು ನನಗೆ ನೆರೆಯವರು ಇದ್ದರು, ಅದು ಸುಳ್ಳಲ್ಲವಲ್ಲ.

ಝುಬೇದಾ


ಪುಚೊಂಗ್
೨೫ ಅಕ್ಟೋಬರ್ ೨೦೧೬

ಝುಬೇದಮ್ಮನವರಿಗೆ,

ಏನು ಮಾತು ಅಂತ ಬರೆದಿದ್ದೀರಿ! ಖಾಲಿ ಡಬ್ಬಿ ಕಳಿಸಬೇಕಂತೆ, ಇಲ್ಲದಿದ್ದರೆ ನಾನೇ ಇಟ್ಟುಕೊಳ್ಳಬೇಕಂತೆ. ಪಾತ್ರೆ ನುಂಗುವವಳ ಹಾಗೆ ಕಾಣುತ್ತೇನೆಯೇ? ಇವತ್ತು ನಿಮ್ಮ ಮೂರನೆಯ ಪತ್ರ ಬಂದ ಕೂಡಲೇ ಒಲೆ ಆರಿಸಿ ಬರೆಯಲು ಕೂತಿದ್ದೇನೆ. ಗುರುದತ್ ಇದನ್ನು ಕೊರಿಯರಿಗೆ ಕೊಡುತ್ತಾನೆ.

ಬೈದದ್ದು ಆಯಿತು, ಈಗ ನನ್ನ ತಪ್ಪು. ನಿಮ್ಮ ಮೊದಲ ಪತ್ರ ಬಂದ ದಿನವೇ ನನಗೆ ಗೊತ್ತಾಗಿತ್ತು. ಹೊನ್ನಮ್ಮನ ಪತ್ರ ಬಂತು ಅಂತ ಹೇಳಿ ಓದುತ್ತಿದ್ದೆ, ಇಂಚರ ಲಕೋಟೆ ಹಿಡಿದುಕೊಂಡು “ಹೂ ಈಸ್ ಹೊನ್ನಮ್ಮ? ದಟ್ಸ್ ಝುಬೇದಾ ಆಂಟಿ ಲಾ, ಅಜ್ಜಿ” ಅಂದಳು. ನನ್ನ ಎದೆ ಧಸಕ್ಕೆಂದಿತು. ನಿಮ್ಮ ಹೆಸರು ಕೇಳಿ ಅಲ್ಲ. ‘ಯಾರ ಮನೆಯದೆಂದು ತಿಳಿಯದೆ ತಿನ್ನುವವಳಲ್ಲ’, ‘ಸದ್ಯ, ನಮ್ಮೋರೇ’ ಎಂದು ದೊಡ್ಡದಾಗಿ ಬರೆದು ಕಳಿಸಿದ್ದೆನಲ್ಲ, ಅದು ನೆನಪಾಗಿ. ಬಾಯಿ ಬಿಟ್ಟರೆ ಬಣ್ಣಗೇಡು ಅನ್ನುವುದು ನನ್ನಂಥವರಿಗೇ. ನೀವಾಗಿ ಹೇಳಲಿ, ಆಮೇಲೆ ಕ್ಷಮೆ ಕೇಳೋಣ ಅಂದುಕೊಂಡು ಕುಂಕುಮದ ಮಾತು ಎತ್ತಿದೆ. ನಿಮಗೆ ಹೇಳಲು ಸುಲಭವಾಗಲಿ ಅಂತ ಬಾಗಿಲು ತೆಗೆದರೆ, ನೀವು ಅದನ್ನು ಪರೀಕ್ಷೆ ಅಂದುಕೊಂಡಿರಿ. ಇಬ್ಬರೂ ಬುದ್ಧಿವಂತರೇ.

ಹೊನ್ನಮ್ಮನ ಕಥೆ ಓದಿ ಬಹಳ ಅತ್ತೆ. ನಾನು ಅಳುವವಳಲ್ಲ, ಸೊಸೆಯನ್ನು ಕೇಳಿ ನೋಡಿ. ಅರವತ್ತಾರು ವರ್ಷ ಹೆಸರು ನೋಡಿಕೊಂಡೇ ತಿಂದವಳು ನಾನು. ಪಾಯಸ ಮಾಡಿದ್ದು ನಿಮ್ಮ ಕೈ ಅಂತ ತಿಳಿದ ಮೇಲೆ ಅದರ ರುಚಿ ನೆನಪಿನಲ್ಲಿ ಕೆಡುತ್ತದೆಯೋ ಎಂದು ಕಾದು ನೋಡಿದೆ. ಕೆಡಲಿಲ್ಲ. ಇನ್ನೊಂದು ಸಲ ತಿನ್ನಬೇಕು ಅನ್ನಿಸುತ್ತಿದೆ.

ಹಾಗಾದರೆ ಇಷ್ಟು ದಿನ ಯಾಕೆ ಬರೆಯಲಿಲ್ಲ? ಕಾಗದದ ಮೇಲೆ ‘ತಪ್ಪಾಯಿತು’ ಅಂತ ಗೀಚಿ ಕಳಿಸಲು ಮನಸ್ಸು ಒಪ್ಪಲಿಲ್ಲ. ಒಂದು ಕೆಲಸ ಆಗಬೇಕಿತ್ತು. ಪುಚೊಂಗಿನಲ್ಲಿ ಅದನ್ನು ಮಾಡುವವರೇ ಇಲ್ಲ. ಎರಡು ಶನಿವಾರ ಗುರುದತ್ ನನ್ನನ್ನು ಅಂಗಡಿಯಿಂದ ಅಂಗಡಿಗೆ ಸುತ್ತಿಸಿದ. ಕೊನೆಗೆ ಕ್ಲಾಂಗಿನಲ್ಲಿ ಒಬ್ಬ ತಮಿಳು ತಾತ ಸಿಕ್ಕಿದ. ಏನು ಕೆಲಸ ಅಂತ ಬರೆಯುವುದಿಲ್ಲ, ಕಣ್ಣಾರೆ ನೋಡಿ.

ದೀಪಾವಳಿ ಶನಿವಾರ. ಭಾನುವಾರ ಬೆಳಗಿನ ಜಾವ ಹೊರಟು ಹತ್ತು ಗಂಟೆಯೊಳಗೆ ನಿಮ್ಮ ಪ್ಲಾಟಿನಲ್ಲಿರುತ್ತೇವೆ. ಡಾಕ್ಟರ್ ಸಾಹೇಬರಿಗೆ ಹೇಳಿ, ಸೋಮವಾರದ ಒಳಗೆ ಬಸ್ಸಿನ ಕೀಲಿಗೆ ಕೈ ಹಾಕಿದರೆ ನನ್ನ ಮಂಡಿ ಎಳೆದುಕೊಂಡು ಬಂದು ಚಕ್ರದ ಮುಂದೆ ಕೂರುತ್ತೇನೆ.

ನಿಮ್ಮ,
ಕಾಂತಮ್ಮ


ಲುಮುಟ್ ಹತ್ತಿರದ ಹೊಸ ಕ್ಯಾಂಪು, ಪ್ಲಾಟ್ ಆರು
೮ ನವೆಂಬರ್ ೨೦೧೬

ಕಾಂತಕ್ಕನಿಗೆ,

ನೀವು ಹೇಳಿದ ಹಾಗೆ ‘ಅಕ್ಕ’ ಅಂತಲೇ ಬರೆದಿದ್ದೇನೆ, ಇನ್ನು ಮುನಿಸಿಕೊಳ್ಳಬೇಡಿ.

ತಲುಪಿದೆವು. ಈ ಕಡೆ ಕಡಲು ತಣ್ಣಗಿದೆ, ಅಲೆಯೇ ಇಲ್ಲ. ಇಲ್ಲಿಯ ನೆಲ ಓರೆ. ಮೂರು ಹಲಗೆ ಕೊಟ್ಟ ಮೇಲೆ ನನ್ನ ದೋಸೆ ಸರಿಯಾಯಿತು. ದಾರಿಯುದ್ದಕ್ಕೂ ಕ್ಯಾರಿಯರ್ ತುಟಿ ಬಿಚ್ಚಲಿಲ್ಲ. ಹೊನ್ನಮ್ಮ ತನ್ನ ಜಾಗದಲ್ಲಿ ಕೂತು ಚಿಲಕ ಬಿದ್ದಿದೆ. ನಿಮ್ಮ ಕೋಡುಬಳೆಯನ್ನು ನಮ್ಮ ಡಾಕ್ಟರ್ ಸಾಹೇಬರು ದಾರಿಯ ಗುಡ್ಡ ಇಳಿಯುವಷ್ಟರಲ್ಲೇ ಮುಗಿಸಿದರು. ನನಗೆ ಸಿಕ್ಕಿದ್ದು ನಾಲ್ಕು.

ಆ ಭಾನುವಾರ ನಿಮಗೆ ಹೇಳಲಾಗದ ಮಾತು ಈಗ ಬರೆಯುತ್ತೇನೆ. ನೀವು ಬಸ್ಸಿನ ಮೆಟ್ಟಿಲ ಮೇಲೆ ಮಂಡಿ ಚಾಚಿ ಕೂತು, ಹೊಸ ಸ್ಟೀಲ್ ಡಬ್ಬಿಯಲ್ಲಿ ಹೆಸರುಬೇಳೆ ಪಾಯಸ ಕೊಟ್ಟಿರಿ. “ಮೊದ್ಲು ಡಬ್ಬಿ ತಿರುಗ್ಸಿ ನೋಡಿ, ಯಾರ ಮನೇದು ಅಂತ ತಿಳೀದೆ ತಿನ್ಬೇಡಿ” ಅಂದಿರಿ. ತಿರುಗಿಸಿ ನೋಡಿದರೆ ಕಂಠದ ಕೆಳಗೆ ‘ಝುಬೇದಾ’. ಕನ್ನಡ ಬಾರದ ತಾತ, ನೀವು ಚೀಟಿಯಲ್ಲಿ ಬರೆದುಕೊಟ್ಟದ್ದನ್ನು ನೋಡಿ ಕೆತ್ತಿದ ಅಕ್ಷರ. ಒತ್ತಕ್ಷರ ಇಲ್ಲದಿದ್ದರೂ ಬೆವರು ಸುರಿಸಿದನಂತೆ. ನಾನು ಎದ್ದು ಒಳಗೆ ಹೋಗಿ ಲೋಟ ತೊಳೆಯುತ್ತಾ ನಿಂತೆ. ನಮ್ಮ ಮನೆಯ ಪಾತ್ರೆಗಳ ಮೇಲೆಲ್ಲ ಅಮ್ಮನ ಹೆಸರು, ಆಮೇಲೆ ಯಜಮಾನರ ಹೆಸರು. ಐವತ್ತೊಂಬತ್ತು ವರ್ಷದಲ್ಲಿ ನನ್ನ ಹೆಸರಿನ ಪಾತ್ರೆ ಇದೊಂದೇ.

ಒಂದು ಸಾಮಾನು ಒಳಗೆ ಬಂದರೆ ಒಂದು ಹೊರಗೆ ಹೋಗಬೇಕು ಎಂದು ಸಾಹೇಬರು ಬಸ್ಸಿನಲ್ಲಿ ಕಾನೂನು ಮಾಡಿದ್ದಾರೆ. ಈ ಡಬ್ಬಿ ಕಂಡು, ಏನನ್ನು ಬಿಡುತ್ತೀ ಎಂದು ಕೇಳಿದರು. ಇದು ನಮ್ಮದಲ್ಲ, ಕಾಂತಕ್ಕನ ಅಡಿಗೆಮನೆಯದು, ನಾಲ್ಕು ದಿನಕ್ಕೆ ಬಂದ ನೆಂಟ ಅಂದೆ. ನೀವೂ ಹಾಗೇ ಹೇಳಿದ್ದಿರಲ್ಲ, “ಇದು ಪುಚೊಂಗಿನಲ್ಲೇ ಇರೋದು, ಖಾಲಿ ಕಳ್ಸೀರಿ ಜೋಕೆ” ಅಂತ. ಅದರ ತುಂಬ ಗೋಧಿ ಹಲ್ವ ಇಟ್ಟು ಈ ಪತ್ರದ ಜೊತೆಗೇ ಕಳಿಸುತ್ತಿದ್ದೇನೆ. ಇಂಚರಳಿಗೆ ಮೊದಲ ತುಂಡು. ಅವಳು ಕನ್ನಡದಲ್ಲಿ ‘ಕೊಡಿ’ ಅಂದರೆ ಎರಡನೆಯದು.

ಇಲ್ಲಿಯ ಆಫೀಸಿನಲ್ಲೂ ಅದೇ ಫಾರಂ ಕೊಟ್ಟರು. ‘ಖಾಯಂ ವಿಳಾಸ’ ಎಂಬ ಜಾಗಕ್ಕೆ ಬಂದೆ. ಈ ಸಲ ಪೆನ್ನು ನಿಲ್ಲಲಿಲ್ಲ, ಪುಚೊಂಗಿನ ನಿಮ್ಮ ಮನೆಯ ನಂಬರು, ರಸ್ತೆ ಎಲ್ಲ ಬರೆದೆ. ನಿಮ್ಮನ್ನು ಕೇಳದೆ ಬರೆದದ್ದಕ್ಕೆ ಬೈಯಬೇಡಿ, ಅಕ್ಕ. ನನ್ನ ಹೆಸರಿನ ಡಬ್ಬಿ ಇರುವ ಮನೆ ಅದೊಂದೇ.

ನಿಮ್ಮ,
ಝುಬೇದಾ